ಒಂದು ಕೆನ್ನೆ ಸೀದ ಬ್ರೆಡ್ಡು

ಬೆಳಗಿನ ಐದು ಗಂಟೆಗೆ ಬ್ರೆಡ್ಡಿನ ಟ್ರೇಗಳು ಭಟ್ಟಿಯೊಳಗೆ ಹೋದವು. ಐದು ಹತ್ತಕ್ಕೆ ಭಟ್ಟಿಯ ಕೆಲಸದವನು ಬೇಕರಿ ಮಾಲೀಕನ ತಲೆಗೆ ಕಬ್ಬಿಣದ ಸಲಾಕೆಯಿಂದ ಹೊಡೆದು, ಕೊರಳಿನ ಸರ ಕಿತ್ತುಕೊಂಡು, ಮುಂಬಾಗಿಲಿನಿಂದ ಓಡಿದನು. ಆಗ ತಾನೇ ಬಂದ ಮಾಲೀಕನ ಭಾವಮೈದ ಅವನನ್ನು ಬೀದಿಬೀದಿ ಬೆನ್ನಟ್ಟಿ, ಸಿಗದೆ, ಐದು ನಲವತ್ತಕ್ಕೆ ಹಿಂದಿರುಗಿ, ಬ್ರೆಡ್ಡು ಸೀಯುವುದೆಂದು ಟ್ರೇಗಳನ್ನು ಹೊರಗೆಳೆದು, ಬಳಿಕ ಠಾಣೆಗೆ ಫೋನ್ ಮಾಡಿದನು.

ಎಫ್‌ಐಆರ್‌ನಲ್ಲಿದ್ದ ಕ್ರಮ ಇದು. ಭಾವಮೈದ ತೋರಿಸಿದ, ಭಟ್ಟಿಯವನ ಮನೆ ಜಗಲಿಯ ಹಿಟ್ಟಿನ ಡಬ್ಬಿಯಲ್ಲಿ ಸರವೂ ಸಿಕ್ಕಿತ್ತು. ವಿಚಾರಣಾ ನ್ಯಾಯಾಲಯ ಕೊಲೆ ಮತ್ತು ಸುಲಿಗೆ ಎರಡಕ್ಕೂ ಭಟ್ಟಿಯವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ನ್ಯಾಯಾಲಯ ಮಾತ್ರ ಒಂದು ಪ್ರಶ್ನೆ ಎತ್ತಿತು: ಸರದಲ್ಲಿದ್ದ ಪದಕವೆಲ್ಲಿ? ಮರುತನಿಖೆಯ ಆದೇಶ ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರಮ್ಮನ ಮೇಜಿಗೆ ಬಂತು.

“ಸತ್ತ ಹಾವನ್ನ ಮತ್ತೆ ಬಡಿಯೋದ್ಯಾಕೆ ಮೇಡಂ?” ಎಂದು ದಫೇದಾರ ಚಹಾದ ಜೊತೆ ಬ್ರೆಡ್ಡಿನ ಪೊಟ್ಟಣ ಇಟ್ಟ. “ಅದೇ ಬೇಕರಿದು. ಒಂದು ಕೆನ್ನೆ ಮಾತ್ರ ನೋಡಿ, ಇನ್ನೊಂದು ನಮ್ಮ ಲಾಕಪ್ಪಿನ ಗೋಡೆಯಷ್ಟು ಕಪ್ಪು.”

ಬ್ರೆಡ್ಡಿನ ಒಂದು ಬದಿ ನಿಜಕ್ಕೂ ಕರ್ರಗಿತ್ತು.

“ಯಾವಾಗಲೂ ಹೀಗೇನಾ?”

“ಭಟ್ಟಿಯವನು ಜೈಲಿಗೆ ಹೋದಾಗಿನಿಂದ. ಕೊಲೆಗಾರನೇ ಇರಲಿ, ಅವನ ಬ್ರೆಡ್ಡು ಬ್ರೆಡ್ಡಾಗಿತ್ತು.”

ಅವಳು ಕಡತದಲ್ಲಿದ್ದ ಸ್ಥಳದ ಫೋಟೋ ಎತ್ತಿಕೊಂಡಳು. ಶವದ ಆಚೆ, ಒಳಕೋಣೆಯಲ್ಲಿ ಆರಲು ಇಟ್ಟಿದ್ದ ಬ್ರೆಡ್ಡಿನ ಸಾಲುಗಳು ಎಲ್ಲಾ ಬದಿಯಲ್ಲೂ ಒಂದೇ ಹೊಂಬಣ್ಣದಲ್ಲಿದ್ದವು. ಚಹಾ ಆರಿಹೋಯಿತು.

ಮರುದಿನ ಅವಳು ಜೈಲಿಗೆ ಹೋದಳು.

“ಬ್ರೆಡ್ಡು ಎಷ್ಟು ಹೊತ್ತು ಬೇಯಬೇಕು?”

ಭಟ್ಟಿಯವನು ತಬ್ಬಿಬ್ಬಾದ. “ನಲವತ್ತು ನಿಮಿಷ. ಅರ್ಧಕ್ಕೆ ಟ್ರೇ ತಿರುಗಿಸಬೇಕು, ಆ ಭಟ್ಟಿಗೆ ಹಿಂದಿನ ಗೋಡೆ ಕಡೆ ಕಾವು ಜಾಸ್ತಿ.”

“ಅವತ್ತು ತಿರುಗಿಸಿದ್ದೆಯಾ?”

“ತಿರುಗಿಸಿದ್ದೆ. ತೆಗೆದಿದ್ದೂ ನಾನೇ. ಆಮೇಲೆ ದಿನದ ಹಾಗೆ ಹಿತ್ತಿಲ ಬಾಗಿಲಿಂದ ಹೋಟೆಲಿಗೆ ಬುಟ್ಟಿ ಕೊಡೋಕೆ ಹೋದೆ. ಹಿಟ್ಟು ನಾದೋ ಮಿಷನ್ನು ಓಡ್ತಿತ್ತು, ಮುಂದಿನ ಕೋಣೆಯಲ್ಲಿ ಏನಾಯ್ತೋ ಕೇಳಿಸಲಿಲ್ಲ.”

“ಕೋರ್ಟಿನಲ್ಲಿ ಇದನ್ನು ಹೇಳಲಿಲ್ಲ ಯಾಕೆ?”

“ಕೊಂದೆಯಾ ಅಂತ ಕೇಳಿದರು, ಇಲ್ಲ ಅಂದೆ. ಬ್ರೆಡ್ಡಿನ ವಿಷಯ ಯಾರೂ ಎತ್ತಲೇ ಇಲ್ಲ ಮೇಡಂ.”

ಆ ವಾರವೇ, ಪಂಚರ ಸಮಕ್ಷಮ, ಅದೇ ಭಟ್ಟಿಯಲ್ಲಿ ಎರಡು ಸಲ ಬ್ರೆಡ್ಡು ಬೇಯಿಸಲಾಯಿತು. ತಿರುಗಿಸದ ಟ್ರೇಗಳಲ್ಲಿ ಗೋಡೆಯ ಕಡೆಯ ಬದಿ ಸೀದುಹೋಯಿತು. ತಿರುಗಿಸಿದವು ಫೋಟೋದಲ್ಲಿದ್ದಂತೆಯೇ ಬಂದವು. ಪಂಚನಾಮೆ ಬರೆದು ಸಹಿ ಪಡೆಯಲಾಯಿತು. ಸತ್ತವನ ಹೆಂಡತಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅವಳ ತಮ್ಮ, ಎಫ್‌ಐಆರ್‌ನ ಭಾವಮೈದ, ಗಲ್ಲಾದ ಮೇಲೆ ಕುಳಿತಿದ್ದ.

“ಅವತ್ತು ಟ್ರೇ ತೆಗೆದದ್ದು ನೀವೇ ತಾನೆ?” ಇನ್ಸ್‌ಪೆಕ್ಟರಮ್ಮ ಕೇಳಿದಳು.

“ನಾನೇ.”

“ಅದಕ್ಕೆ ಮೊದಲು ಭಟ್ಟಿ ಮುಟ್ಟಿದ್ದಿರಾ?”

“ಇಲ್ಲ. ಅವನ ಹಿಂದೆ ಓಡ್ತಾ ಇದ್ದೆನಲ್ಲ!”

“ಒಳಗೆ ಬೇರೆ ಯಾರಿದ್ದರು?”

“ಯಾರೂ ಇಲ್ಲ.”

“ಹಾಗಾದರೆ ಐದು ಇಪ್ಪತ್ತಕ್ಕೆ ಟ್ರೇ ತಿರುಗಿಸಿದ್ದು ಯಾರು?”

“ತಿರುಗಿಸೋದಾ? ಬ್ರೆಡ್ಡೇನು ದೋಸೆಯೇ ತಿರುಗಿಸೋಕೆ?” ಎಂದು ನಕ್ಕ. ಬೇರೆ ಯಾರೂ ನಗಲಿಲ್ಲ. ದಫೇದಾರ ಸೀದ ಬ್ರೆಡ್ಡು ಒಂದನ್ನೂ ಆ ಫೋಟೋವನ್ನೂ ಅವನ ಮುಂದೆ ಅಕ್ಕಪಕ್ಕ ಇಟ್ಟ. ಇಪ್ಪತ್ತು ವರ್ಷ ಗಲ್ಲಾದ ಮೇಲೆ ಕುಳಿತವನು ಭಟ್ಟಿಯ ಬಾಗಿಲಲ್ಲಿ ಒಮ್ಮೆಯೂ ನಿಂತು ನೋಡಿರಲಿಲ್ಲ.

ಅಕ್ಕ ಮೆಲ್ಲಗೆ ಕೇಳಿದಳು. “ನೀನು ಓಡಲೇ ಇಲ್ಲ, ಅಲ್ಲವೇನೋ? ಅವನು ಒಳಗೆ ಕೆಲಸ ಮಾಡ್ತಾ ಇದ್ದ. ನಿನ್ನ ಭಾವನ ಹತ್ತಿರ ಇದ್ದವನು ನೀನೊಬ್ಬನೇ.”

ಅವನು ಸೀದ ಬ್ರೆಡ್ಡನ್ನು ಆಚೆ ಸರಿಸಿದ.

“ಅಮ್ಮನ ಪದಕ ಎಲ್ಲಿಟ್ಟಿದ್ದೀಯ? ಹೇಳು, ನನ್ನಾಣೆ.”

ಅವನು ಎದ್ದು, ಗಲ್ಲಾದ ಹಿಂದಿನ ತಕ್ಕಡಿಯನ್ನು ಬೋರಲು ಮಾಡಿ, ಅದರ ತಳದ ತಗಡನ್ನು ಬಿಚ್ಚಿದ. ಬಟ್ಟೆಯಲ್ಲಿ ಸುತ್ತಿದ್ದ ಪದಕ ಹೊರಬಂತು. ಅದನ್ನು ಪಂಚರ ಎದುರಿಗೇ ಜಪ್ತಿ ಮಾಡಿ ಅರಗಿನ ಮುದ್ರೆ ಒತ್ತಲಾಯಿತು. ಅವನನ್ನು ದಸ್ತಗಿರಿ ಮಾಡಲಾಯಿತು.

“ಸರವನ್ನು ಡಬ್ಬಿಗೆ ಹಾಕಿದವನು ಪದಕವನ್ನೇಕೆ ಉಳಿಸಿಕೊಂಡೆ?” ಜೀಪಿನಲ್ಲಿ ದಫೇದಾರ ಕೇಳಿದ.

“ಅದು ಅಮ್ಮಂದು. ಮದುವೇಲಿ ಭಾವನಿಗೆ ಹಾಕಿದ್ದು. ಹಿಟ್ಟಿನಲ್ಲಿ ಹೂಳೋಕೆ ಮನಸ್ಸು ಬರಲಿಲ್ಲ.” ಅವನೇ ಮುಂದುವರಿಸಿದ. “ಅವತ್ತು ಬೆಳಿಗ್ಗೆ ಭಾವ ಹೇಳಿದರು, ಬೇಕರಿ ಬೋರ್ಡಿನ ಮೇಲೆ ಇನ್ನು ಭಟ್ಟಿಯವನ ಹೆಸರೂ ಬರುತ್ತೆ ಅಂತ. ನನ್ನದು ಯಾಕಿಲ್ಲ ಅಂದೆ. ನಿನಗೇನು ಬರುತ್ತಪ್ಪ ಅಂದುಬಿಟ್ಟರು.”

ಇನ್ಸ್‌ಪೆಕ್ಟರಮ್ಮ ಆ ಮಾತನ್ನೂ ಬಿಡದೆ ವರದಿಯಲ್ಲಿ ಸೇರಿಸಿದಳು.

ತೀರ್ಪಿನ ದಿನ ನ್ಯಾಯಾಲಯದ ಕೋಣೆ ಕಿಕ್ಕಿರಿದಿತ್ತು. ಭಟ್ಟಿಯವನ ಹೆಂಡತಿಯ ಪಕ್ಕದಲ್ಲಿ ಸತ್ತವನ ಹೆಂಡತಿ ತಾನಾಗಿಯೇ ಬಂದು ಕುಳಿತು, ಅವಳ ಕೈ ಹಿಡಿದಿದ್ದಳು. “ಬೋರ್ಡು ಬರೆಸಿದ್ದೀನಿ ಕಣೇ. ಅವರು ಹೇಳಿದ ಹಾಗೇ, ಎರಡು ಹೆಸರು,” ಎಂದಳು. ಹಿಂದಿನ ಸಾಲಿನಲ್ಲಿ ದಫೇದಾರ ಎಂದಿಲ್ಲದಂತೆ ಇಸ್ತ್ರಿಯ ಸಮವಸ್ತ್ರ ತೊಟ್ಟಿದ್ದ. ನ್ಯಾಯಾಧೀಶರು ಕೊನೆಯ ಪುಟ ಓದಿದರು:

“ಮೇಲ್ಮನವಿಯನ್ನು ಪುರಸ್ಕರಿಸಲಾಗಿದೆ. ಕೊಲೆ ಮತ್ತು ಸುಲಿಗೆ ಎರಡೂ ಆರೋಪಗಳಿಂದ ಮೇಲ್ಮನವಿದಾರನನ್ನು ಖುಲಾಸೆಗೊಳಿಸಲಾಗಿದೆ. ಘಟನೆಯ ವೇಳೆಯಲ್ಲಿ ಅವನು ಭಟ್ಟಿಯ ಮುಂದೆ ತನ್ನ ಕೆಲಸದಲ್ಲಿದ್ದನೆಂಬುದು ರುಜುವಾತಾಗಿದೆ.”