ಆಮೆ ಪುಸ್ತಕದ ಕಿಟಕಿಯವಳು

"ಅವಳನ್ನ ಎಲ್ಲಿಗೆ ಕಳಿಸಿದ್ರಿ?"

ಬಾಗಿಲು ತಟ್ಟದೆ ಒಳಗೆ ಬಂದವನ ಮೊದಲ ಮಾತೇ ಅದು!

ಅವಳು ಬೆಚ್ಚಿ ತಲೆ ಎತ್ತಿದಳು. ಕೈಯಲ್ಲಿದ್ದ ಬ್ರಷ್ಷಿನಿಂದ ಗೋಂದಿನ ಹನಿಯೊಂದು ಮೇಜಿನ ಮೇಲೆ ಬಿತ್ತು. ಲೈಬ್ರರಿಯ ನೆಲಮಾಳಿಗೆಯ ಆ ಕೋಣೆಗೆ ಮನುಷ್ಯರು ಬರುವುದು ಅಪರೂಪ. ಹರಿದ ಪುಸ್ತಕಗಳು ಬರುತ್ತಿದ್ದವು, ಹೊಲಿಸಿಕೊಂಡು, ಅಂಟಿಸಿಕೊಂಡು ವಾಪಸ್ ಹೋಗುತ್ತಿದ್ದವು. ಅವುಗಳ ಜೊತೆಗಿನ ಮೌನಕ್ಕೆ ಅವಳು ಎಷ್ಟೋ ವರ್ಷದಿಂದ ಒಗ್ಗಿಹೋಗಿದ್ದಳು.

"ಯಾ... ಯಾರನ್ನ?"

"ಕಿಟಕೀಲಿದ್ದ ಹೆಂಗಸನ್ನ!"

ಅವನ ಬೆನ್ನಿಗೆ ಸಾಮಾನಿನ ದೊಡ್ಡ ಚೀಲ. ಉಗುರುಗಳ ಸಂದಿಯಲ್ಲಿ ಗ್ರೀಸು. ಕಣ್ಣು ನೋಡಿದರೆ ನಿದ್ದೆ ಕಂಡು ಯಾವ ಕಾಲವಾಯಿತೋ ಅನ್ನುವಂತಿತ್ತು. ಶರ್ಟಿನ ಜೇಬಿನ ಮೇಲೆ ಲಿಫ್ಟ್ ರಿಪೇರಿ ಕಂಪನಿಯ ಬಿಲ್ಲೆ. ಅವನ ಪ್ಯಾಂಟು ಹಿಡಿದು ನಾಲ್ಕು ವರ್ಷದ ಹುಡುಗಿಯೊಂದು ನಿಂತಿತ್ತು.

"ಬಟಾಣಿ, ತೋರ್ಸಮ್ಮ ಆಂಟಿಗೆ."

ಬಟಾಣಿ ಮುಂದೆ ಬಂದು, ಅವನು ಮೇಜಿನ ಮೇಲಿಟ್ಟ ಪುಸ್ತಕದ ಕೊನೆಯ ಚಿತ್ರದ ಮೇಲೆ ಬೆರಳಿಟ್ಟಳು. ಕಪ್ಪು ಕಿಟಕಿಯೊಂದರ ಮೇಲೆ.

ಅದು ಆಮೆ ಪುಸ್ತಕ! ಅದನ್ನು ಓದದೆ ಆ ಊರಲ್ಲಿ ಬೆಳೆದವರೇ ಇಲ್ಲ. ಬೆನ್ನಿಗೆ ಗಂಟು ಕಟ್ಟಿಕೊಂಡ ಆಮೆಯೊಂದು ಮುಸ್ಸಂಜೆಯಲ್ಲಿ ಮನೆಗೆ ನಡೆಯುತ್ತದೆ. ಪುಟಕ್ಕೊಂದೇ ಮಾತು: 'ಇನ್ನೇನು ಬಂತು ಮನೆ.' ಅಷ್ಟೇ ಕಥೆ. ಆದರೂ ಮೊಮ್ಮಕ್ಕಳನ್ನು ಕರೆತಂದ ಅಜ್ಜಿಯರು, "ಅಯ್ಯೋ, ಇದು ಇನ್ನೂ ಇದ್ಯಾ!" ಎಂದು ಮಕ್ಕಳ ಕುರ್ಚಿಯಲ್ಲಿ ಕಷ್ಟಪಟ್ಟು ಕೂತು ಓದುವುದನ್ನು ಅವಳು ಕಂಡಿದ್ದಳು. ಅವಳ ಮೇಜಿಗೆ ಇದರಷ್ಟು ಸಲ ಬಂದ ಪುಸ್ತಕ ಬೇರೆ ಇರಲಿಲ್ಲ.

"ನಾನು ಯಾರನ್ನೂ ಅಳಿಸಿಲ್ಲ ಸರ್. ಹೋದ ತಿಂಗಳು ಬೈಂಡ್ ಬಿಚ್ಚಿಹೋಗಿತ್ತು, ಹೊಲಿದೆ. ಅಷ್ಟೇ!"

"ಮತ್ತೆ ಈ ಮಗು ಯಾಕೆ ದಿನಾ ಸಂಜೆ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಹೋಗಿ ಕೂತ್ಕೊಳ್ಳುತ್ತೆ? ಕತ್ತಲಲ್ಲಿ! ಊಟಕ್ಕೆ ಕರೆದ್ರೂ ಏಳಲ್ಲ, ನಿದ್ದೆಗಣ್ಣಲ್ಲೇ ಎತ್ಕೊಂಡು ಹೋಗ್ಬೇಕು. ಕೇಳಿದ್ರೆ 'ಅವಳು ಬರ್ಲಿಲ್ಲ' ಅಂತಾಳೆ. ಹೋದ ವರ್ಷ ಒಂದೇ ಅಪಘಾತದಲ್ಲಿ ನಮ್ಮಕ್ಕ, ಭಾವ, ಅಂದ್ರೆ ಇವಳ ಅಪ್ಪ ಅಮ್ಮ, ಇಬ್ರೂ ಹೋದ್ರು. ಈ ಪುಸ್ತಕ ನಮ್ಮಕ್ಕನೇ ಓದಿ ಹೇಳ್ತಿದ್ದಿದ್ದು..."

ಅವನು ಮಾತು ಅಲ್ಲಿಗೇ ಬಿಟ್ಟು ಮಗುವಿನ ತಲೆ ಸವರಿದ. ಅವಳ ಕೋಪವೂ ಅಲ್ಲೇ ಕರಗಿತು. ಅವಳು ಬಗ್ಗಿ ಮಗುವಿನ ಮುಖ ನೋಡಿದಳು.

"ಯಾರು ಬರ್ಲಿಲ್ಲ ಪುಟ್ಟಾ?"

"ಮೇಲಿಂದ ಇಳಿದು ಬರ್ತಿದ್ಳು. ಈಗ ಬರ್ತಿಲ್ಲ." ಬಟಾಣಿಯ ದನಿ ಪಿಸುಮಾತಿನಷ್ಟೇ ಇತ್ತು. "ಮೆಟ್ಟಿಲಲ್ಲೇ ನಿಂತಿದ್ದಾಳೆ. ದಾರಿ ಸಿಗ್ತಿಲ್ಲ ಅವಳಿಗೆ."

ಅವಳು ತಿರುಗಿ ಕೋಣೆಯಾಚೆಯ ಮೆಟ್ಟಿಲ ಕಡೆ ನೋಡಿದಳು...

ಅವರು ಹೋದ ಮೇಲೆ ಅವಳು ಭೂತಗನ್ನಡಿ ತೆಗೆದಳು.

ಮೊದಲ ಪುಟ. ಬೀದಿಯ ಕೊನೆಯಲ್ಲಿ ಎತ್ತರದ ಮನೆ, ಮೇಲೊಂದು ಹಳದಿ ಕಿಟಕಿ. ಅದರೊಳಗೆ ಎಳ್ಳಿನಷ್ಟು ಕಪ್ಪು ಚುಕ್ಕೆ. ಆಮೆ ಹತ್ತಿರವಾದಂತೆ ಮನೆ ದೊಡ್ಡದಾಯಿತು, ಚುಕ್ಕೆಗೆ ಭುಜ ಬಂತು, ಕೂದಲು ಬಂತು... ಹೆಂಗಸು! ಇಷ್ಟು ವರ್ಷ ಈ ಪುಸ್ತಕ ಮುಟ್ಟಿಯೂ ತನ್ನ ಕಣ್ಣಿಗೆ ಇವಳು ಕಂಡೇ ಇರಲಿಲ್ಲವಲ್ಲ! ಒಂದು ಪುಟದಲ್ಲಂತೂ ಆ ಹೆಂಗಸು ಆಮೆಯನ್ನು ಬಿಟ್ಟು, ನೇರ ಓದುವವರನ್ನೇ ನೋಡುತ್ತಿದ್ದಳು.

ಕೊನೆಯ ಚಿತ್ರದಲ್ಲಿ ಆಮೆ ಮೆಟ್ಟಿಲ ಬುಡಕ್ಕೆ ಬಂದಿತ್ತು. ಕಿಟಕಿ ಕಪ್ಪು. ಬಾಗಿಲು ಮುಚ್ಚಿತ್ತು.

ಅವಳು ಪುಸ್ತಕವನ್ನು ತಟ್ಟನೆ ಮುಚ್ಚಿದಳು.

ಆ ಸಂಜೆ ಮನೆಗೆ ಹೋಗುವಾಗ ಬೀದಿಯ ಒಂದೊಂದು ಕಿಟಕಿಯನ್ನೂ ಅವಳ ಕಣ್ಣು ಹುಡುಕಿತು. ದೀಪವಿದ್ದ ಕಿಟಕಿಗಳ ಚಿಂತೆಯಿರಲಿಲ್ಲ. ದೀಪವಿಲ್ಲದ ಕಿಟಕಿಗಳ ಹಿಂದೆ ಯಾರೋ ಇಳಿಯಲು ದಾರಿ ಹುಡುಕುತ್ತಿದ್ದಾರೆ ಅನ್ನಿಸುತ್ತಿತ್ತು... ಛೇ, ಇದೇನು ಹುಚ್ಚು!

"ಕೊನೇಲಿ ಏನಾಗುತ್ತೆ ಆ ಪುಸ್ತಕದಲ್ಲಿ?" ಮರುದಿನ ಮಕ್ಕಳ ವಿಭಾಗದ ಹಿರಿಯಾಕೆಯನ್ನು ಕೇಳಿದಳು. ಮಾತಿಗೊಮ್ಮೆ 'ಶ್' ಅನ್ನುವ ಆಕೆಗೆ ಮಕ್ಕಳು 'ಶ್ ಅಜ್ಜಿ' ಎಂದೇ ಹೆಸರಿಟ್ಟಿದ್ದರು.

"ಏನಾಗುತ್ತೆ ಅಂದ್ರೆ? ಆಮೆ ಮನೆ ಸೇರುತ್ತೆ. ನೀನು ದಿನಾ ಹೊಲಿಯೋಳು, ನನ್ನ ಕೇಳ್ತೀಯಾ?"

"ಸೇರಿದ್ದು ಚಿತ್ರದಲ್ಲಿ ನೋಡಿದ್ದೀರಾ?"

ಶ್ ಅಜ್ಜಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. "ನೋಡಿದ್ದೀನಿ ಅಂತ್ಲೇ... ಎಲ್ಲೋ ಹಳದಿ ಬೆಳಕು ಇತ್ತಪ್ಪ. ನೆನಪಿಗೆ ಬರ್ತಾ ಇಲ್ವಲ್ಲ!"

ಅವಳಿಗೂ ಅಷ್ಟೇ ನೆನಪಿತ್ತು. ಹಳದಿ ಬೆಳಕು. ಅಮ್ಮನ ಮಡಿಲು. 'ಇನ್ನೊಂದ್ ಸಲ' ಎಂದು ತಾನೇ ಗೋಗರೆದದ್ದು. ದೊಡ್ಡವರ ಲೋಕದಲ್ಲಿ ಯಾರೂ ಇದ್ದ ಕಡೆ ಇರುವುದಿಲ್ಲ. ಪುಸ್ತಕದಲ್ಲಿ ಮಾತ್ರ ಎಲ್ಲರೂ ಇಟ್ಟಲ್ಲೇ ಇರುತ್ತಾರೆ. ಅದಕ್ಕೇ ಅಲ್ಲವೇ ಮಕ್ಕಳು ಅದನ್ನೇ ಮತ್ತೆ ಮತ್ತೆ ಕೇಳುವುದು? ಅಲ್ಲಿಂದಲೂ ಒಬ್ಬಳು ಕಾಣೆಯಾದರೆ ಆ ಮಗು ಇನ್ನೆಲ್ಲಿ ಹುಡುಕಬೇಕು!

ಲೈಬ್ರರಿಯಲ್ಲಿ ಬೇರೆ ಪ್ರತಿ ಉಳಿದಿರಲಿಲ್ಲ. ಅಂಗಡಿಗಳಲ್ಲಿ ಎಂದೋ ನಿಂತುಹೋಗಿತ್ತು. ಅವಳು ಹುಡುಕುತ್ತಲೇ ಇದ್ದಳು. ಅವನು ಮಧ್ಯಾಹ್ನದ ಬಿಡುವಿನಲ್ಲಿ ಬಟಾಣಿಯನ್ನು ಕರೆದುಕೊಂಡು, "ಸಿಕ್ತಾ?" ಎಂದು ಬಂದು ಹೋಗುತ್ತಿದ್ದ. ಮೊದಮೊದಲು ಬಾಗಿಲಲ್ಲೇ ನಿಲ್ಲುತ್ತಿದ್ದವನು ಆಮೇಲೆ ಕೂರತೊಡಗಿದ. ಲೈಬ್ರರಿಯ ಕಿರಿಕಿರಿ ಲಿಫ್ಟನ್ನು ಯಾರೂ ಕೇಳದಿದ್ದರೂ ಸರಿ ಮಾಡಿಕೊಟ್ಟ.

"ದೇವರಂಥ ಮನುಷ್ಯ," ಎಂದರು ಶ್ ಅಜ್ಜಿ. "ಆದ್ರೆ ಲಿಫ್ಟು ಮೇಲಿದ್ರೂ ಅವನ ಕಣ್ಣು ಮಾತ್ರ ನೆಲಮಾಳಿಗೇಲೇ ಇರುತ್ತೆ!"

"ಶ್!" ಎಂದಳು ಅವಳು, ಕಿವಿ ಕೆಂಪಾಗಿ.

'ನನಗೇನಾಗಿದೆ? ಊಟದ ಡಬ್ಬಿ ತೆರೆಯುವ ಮುಂಚೆ ಮೆಟ್ಟಿಲ ಸಪ್ಪಳಕ್ಕೆ ಕಿವಿ ಕೊಡುತ್ತೇನಲ್ಲ...'

ಒಂದು ದಿನ ಅವನು ಕೈ ತೊಳೆಯಲು ಹೋದಾಗ ಬಟಾಣಿ ಅವಳ ಸೆರಗು ಜಗ್ಗಿದಳು.

"ಅವಳು ಬರ್ತಾಳಾ?"

ಆ ಕಣ್ಣುಗಳಿಗೆ ಇಲ್ಲ ಅನ್ನಲು ಅವಳಿಂದ ಆಗಲಿಲ್ಲ. "ಬರ್ತಾಳೆ ಪುಟ್ಟಾ. ನಾನೇ ಕರ್ಕೊಂಡು ಬರ್ತೀನಿ. ಮಾತು ಕೊಟ್ಟೆ."

ಬಾಗಿಲಲ್ಲಿ ಅವನು ನಿಂತಿದ್ದ! ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸತ್ತೋದವಳನ್ನ ಕರ್ಕೊಂಡು ಬರ್ತೀರಾ ನೀವು?"

"ಅಯ್ಯೋ, ನಾನು ಹಾಗಲ್ಲ..."

"ನಿನ್ನೆ ಮೆಟ್ಟಿಲಲ್ಲಿ ಯಾರ ಹತ್ರಾನೋ ಮಾತಾಡ್ತಿದ್ಳು ಇವಳು! 'ಕೆಳಗೆ ಬಾ, ಹುಷಾರು' ಅಂತ. ಅಲ್ಲಿ ಯಾರೂ ಇರ್ಲಿಲ್ಲ ಕಣ್ರೀ... ಯಾರೂ! ನಾನು ಸೋತೆ. ಶನಿವಾರ ಸಂಜೆ ಇವಳ ಸೋದರತ್ತೆ ಬರ್ತಾರೆ, ಕರ್ಕೊಂಡು ಹೋಗ್ಲಿ. ಅಲ್ಲಾದ್ರೂ ಮೆಟ್ಟಿಲಿಲ್ಲದ ಮನೆ. ಇನ್ನು ದಯವಿಟ್ಟು ಈ ಮಗೂಗೆ ಆಸೆ ಹುಟ್ಟಿಸ್ಬೇಡಿ."

ಅವನು ಬಟಾಣಿಯನ್ನು ಎತ್ತಿಕೊಂಡು ಹೊರಟೇಬಿಟ್ಟ. ಅವನ ಭುಜದ ಮೇಲಿಂದ ಆ ಪುಟ್ಟ ಕಣ್ಣುಗಳು ತಿರುವಿನವರೆಗೂ ಅವಳನ್ನೇ ನೋಡುತ್ತಿದ್ದವು.

ಶನಿವಾರ ಬಂತು. ಕೆಲಸ ಮುಗಿಯುವ ಹೊತ್ತು. ಅವಳು ಆಮೆ ಪುಸ್ತಕವನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಹೆಬ್ಬೆರಳು ಮಾತ್ರ ಹಿಂದಿನ ರಟ್ಟಿನ ಒಳಬದಿಯನ್ನು ಸವರುತ್ತಿತ್ತು.

ಸವರುತ್ತಿದ್ದ ಬೆರಳು ನಿಂತಿತು.

ದಪ್ಪ! ಇರಬೇಕಾದದ್ದಕ್ಕಿಂತ ಒಂದು ಹಾಳೆ ದಪ್ಪ!

ಅವಳು ರಟ್ಟನ್ನು ದೀಪದ ಬೆಳಕಿಗೆ ಓರೆಯಾಗಿ ಹಿಡಿದಳು. ಬಿಳಿ ಹಾಳೆಯ ಅಡಿಯಲ್ಲಿ ಏನೋ ನೆರಳು... ನೆಟ್ಟಗೆ ನಿಂತ ನೆರಳು.

'ದೇವರೇ! ನಾನೇ... ನಾನೇ ಇವಳನ್ನು ಒಳಗಿಟ್ಟು ಬೀಗ ಹಾಕಿದ್ದು!'

ಬಿಚ್ಚಿದ ಪುಸ್ತಕವನ್ನು ಹೊಲಿದ ಮೇಲೆ ಕೊನೆಯ ಹಾಳೆಯನ್ನು ರಟ್ಟಿಗೆ ಅಂಟಿಸುವುದು ಅವಳ ಕೆಲಸದ ಪದ್ಧತಿ. ಅಂಟಿಸಲೆಂದೇ ಒಂದು ಖಾಲಿ ಹಾಳೆ ಇರುತ್ತದೆ. ಈ ಪುಸ್ತಕದಲ್ಲಿ ಅದು ಮೊದಲೇ ರಟ್ಟಿಗಂಟಿತ್ತು; ಈಗ ಕೊನೆಗಿದ್ದ ಹಾಳೆಯಲ್ಲಿ ಅಕ್ಷರವಿರಲಿಲ್ಲ. ಮೇಲಿದ್ದ ಬದಿ ಬರೀ ಬಿಳಿ. ಹಿಂದೆ ಚಿತ್ರವಿದೆಯೇ ಎಂದು ತಿರುಗಿಸಿ ನೋಡದೆ, ರಟ್ಟಿಗೆ ಗೋಂದು ಬಳಿದು ಒತ್ತಿಬಿಟ್ಟಿದ್ದಳು! ಕಿಟಕಿಗೂ ಬಾಗಿಲಿಗೂ ನಡುವೆ, ಕತ್ತಲಲ್ಲಿ, ತಿಂಗಳಿಗೂ ಹೆಚ್ಚು ಕಾಲದಿಂದ ಒಬ್ಬಳು ನಿಂತೇ ಇದ್ದಳು. ಮಗು ಹೇಳಿದ್ದು ಅಕ್ಷರಶಃ ಸರಿಯಾಗಿತ್ತು.

ಅವಳು ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಹಿಟ್ಟಿನ ಗೋಂದು, ತೇವಕ್ಕೆ ಬಿಡುತ್ತದೆ. ರಟ್ಟಿನ ಮೇಲೆ ಒದ್ದೆ ಬಟ್ಟೆ ಹಾಸಿ, ಪುಸ್ತಕವನ್ನು ಎದೆಗೊತ್ತಿಕೊಂಡು ಓಡಿದಳು. ಅವನ ಲೈಬ್ರರಿ ಕಾರ್ಡಿನಲ್ಲಿದ್ದ ವಿಳಾಸ ಅವಳಿಗೆ ಬಾಯಿಪಾಠವಾಗಿತ್ತು. ಯಾಕೆ ಎಂದು ಈಗ ಕೇಳಿಕೊಳ್ಳುವಷ್ಟು ಪುರುಸೊತ್ತಿರಲಿಲ್ಲ.

ಆ ಕಟ್ಟಡದ ಮೆಟ್ಟಿಲುಗಳಲ್ಲಿ ದೀಪವಿರಲಿಲ್ಲ. ಮುಸ್ಸಂಜೆಯ ಬೆಳಕು ಮೊದಲ ತಿರುವಿಗೇ ಸೋತು ನಿಂತಿತ್ತು. ಅವಳು ಕಂಬಿ ಹಿಡಿದು ಹತ್ತಿದಳು. ಮೇಲೆಲ್ಲೋ ಸಣ್ಣ ದನಿ...

"ಹುಷಾರು. ಇನ್ನೊಂದೇ ಮೆಟ್ಲು."

ಯಾರಿಗೆ ಹೇಳುತ್ತಿದೆ ಮಗು? ಅವಳು ಕಂಬಿ ಹಿಡಿದೇ ಮೇಲಕ್ಕೆ ಇಣುಕಿದಳು. ಬಟಾಣಿ ತಿರುವಿನಲ್ಲಿ, ಕತ್ತಲಿಗೆ ಮುಖ ಮಾಡಿ ಕೂತಿದ್ದಳು. ಪಕ್ಕದಲ್ಲಿ ಕಟ್ಟಿಟ್ಟ ಬಟ್ಟೆಗಳ ಪುಟ್ಟ ಚೀಲ.

"ನಾನು ಪುಟ್ಟಾ, ಲೈಬ್ರರಿ ಆಂಟಿ. ಅವಳನ್ನ ಕರ್ಕೊಂಡು ಬಂದೆ."

ಕೆಳಗಿನಿಂದ ದಡದಡ ಹೆಜ್ಜೆ. ಟಾರ್ಚಿನ ಬೆಳಕು. ಅವನು!

"ಮತ್ತೆ ನೀವಾ? ನಾನು ಅಷ್ಟು ಹೇಳಿದ್ರೂ..."

"ಬೈಯಿರಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ! ತಪ್ಪು ನಂದೇ. ಈಗ ಟಾರ್ಚ್ ಇಲ್ಲಿ ಹಿಡೀರಿ."

ಅವಳ ದನಿಯಲ್ಲಿ ಏನಿತ್ತೋ, ಅವನು ಬಗ್ಗಿ ಹಿಡಿದ. ಮೂವರೂ ಮೆಟ್ಟಿಲ ಮೇಲೆ ಕೂತರು. ಅವಳು ಬಟ್ಟೆ ತೆಗೆದು, ಉಗುರಿನ ತುದಿಯಿಂದ ಹಾಳೆಯ ಮೂಲೆ ಎಬ್ಬಿಸಿದಳು. ಉಸಿರು ಬಿಗಿಹಿಡಿದು, ನೂಲಿನಷ್ಟು ನೂಲಿನಷ್ಟೇ ಬಿಡಿಸಿದಳು. ಹಳದಿ ಬಂತು. ತೆರೆದ ಬಾಗಿಲು ಬಂತು. ಹೊಸ್ತಿಲಲ್ಲಿ ದೀಪ ಹಿಡಿದ ಹೆಂಗಸು, ಅವಳ ಕಾಲಬಳಿ ಗಂಟು ಇಳಿಸುತ್ತಿರುವ ಆಮೆ.

ಆದರೆ ಆ ಹೆಂಗಸಿನ ಮುಖ ರಟ್ಟಿಗೇ ಕಚ್ಚಿಕೊಂಡಿತು. ಹೊಸ್ತಿಲಲ್ಲಿ ನಿಂತವಳಿಗೆ ಮುಖವೇ ಇರಲಿಲ್ಲ...

ಅವನು ಟಾರ್ಚನ್ನು ಇನ್ನೂ ಹತ್ತಿರ ತಂದ. ಅವಳ ಕಣ್ಣು ತುಂಬಿತು. "ಕ್ಷಮಿಸು ಪುಟ್ಟಾ, ಅಮ್ಮನ ಮುಖಾನ ನಾನು..."

"ಅಮ್ಮ ಅಲ್ಲ," ಎಂದಳು ಬಟಾಣಿ.

ಇಬ್ಬರೂ ಅವಳನ್ನೇ ನೋಡಿದರು.

"ಅಮ್ಮ ಸತ್ತೋದ್ಲು. ನಂಗೊತ್ತು. ಇವಳು ಆಮೆಗೆ ಕಾಯೋಳು. ಆಮೆ ಬಂದಾಗ ಇಳಿದು ಬರ್ತಾಳೆ."

"ಮತ್ತೆ ನೀನ್ಯಾಕೆ ದಿನಾ ಇಲ್ಲಿ ಕೂತ್ಕೋತಿದ್ದೆ ಕಂದಾ?" ಅವನ ದನಿ ಒಡೆಯಿತು.

ಬಟಾಣಿ ಅವನ ಬೆನ್ನ ಮೇಲಿನ ಚೀಲವನ್ನು ತಟ್ಟಿದಳು. "ಮಾಮ ಗಂಟು ಹೊತ್ಕೊಂಡು ಬರ್ತಾನಲ್ಲ, ಸಂಜೆ. ಯಾರೂ ಇಳಿದು ಬರಲ್ಲ. ಅವಳು ಬರೋ ತನಕ ಅವಳ ಬದ್ಲು ನಾನು ಮಾಮಂಗೆ ಕಾಯ್ತಿದ್ದೆ. ಮಾಮ ಒಳಗೆ ಬಂದ್ಮೇಲೆ, ಅವಳು ಬರ್ಬಹುದು ಅಂತ ಮತ್ತೆ ಕಾಯ್ತಿದ್ದೆ. ಕತ್ಲಲ್ಲಿ ಅವಳು ಬಿದ್ಬಿಟ್ರೆ ಅಂತ ಹುಷಾರು ಹೇಳ್ತಿದ್ದೆ."

ಆ ಲಿಫ್ಟ್ ಮೆಕ್ಯಾನಿಕ್, ಅಕ್ಕನನ್ನು ಕಳಿಸಿಕೊಟ್ಟ ದಿನವೂ ಯಾರೆದುರಿಗೂ ಅಳದವನು, ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಅವಳು ಯೋಚಿಸಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟಳು. ಗೋಂದಿನ ಕೈ, ಒದ್ದೆ ಕೈ.

ಎಷ್ಟೋ ಹೊತ್ತಿನ ಮೇಲೆ ಅವನು ಬಟಾಣಿಯ ಸೋದರತ್ತೆಗೆ ಫೋನ್ ಮಾಡಿದ. "ಅಕ್ಕಾ, ಬಸ್ಸಿಂದ ಇಳಿದ್ರಾ? ಬನ್ನಿ, ಊಟ ಮಾಡಿ, ನಾಲ್ಕು ದಿನ ಇದ್ದು ಹೋಗಿ. ಆದ್ರೆ ಮಗೂನ ಕಳಿಸಲ್ಲ... ಇಲ್ಲ, ಏನೂ ಆಗಿಲ್ಲ. ನಾನೇ ತಪ್ಪು ತಿಳ್ಕೊಂಡಿದ್ದೆ."

ಬಟಾಣಿ ತನ್ನ ಬಟ್ಟೆಯ ಚೀಲವನ್ನು ಎಳೆದುಕೊಂಡು ಮೇಲೆ ಹೊರಟಾಗಿತ್ತು. "ಹಸಿವು!" ಎಂದು ಕೂಗಿದಳು, ಎಷ್ಟೋ ವಾರಗಳ ಮೇಲೆ.

ಅವರಿಬ್ಬರೇ ಉಳಿದರು.

"ಸಂಜೆ ಹೊತ್ತು..." ಅವನು ತಡವರಿಸಿದ. "ನೀವು ಕೆಲಸ ಮುಗಿಸ್ಕೊಂಡು ಇಲ್ಲಿಗೆ... ದಿನಾ... ಅಂದ್ರೆ, ಯಾವಾಗ್ಲೂ... ನನಗೆ ಹೇಳೋಕೆ ಬರ್ತಿಲ್ಲ. ನಾನು ಹತ್ತಿ ಬರುವಾಗ ಮೇಲೆ ನೀವಿದ್ರೆ ಸಾಕು."

"ಅಷ್ಟೂ ದಿನ ನೆಲಮಾಳಿಗೇಲಿ ಕೂತು ನಿಮ್ಮ ಹೆಜ್ಜೆ ಸಪ್ಪಳಕ್ಕೆ ಕಾದಿದ್ದು ಇನ್ಯಾರು ಅನ್ಕೊಂಡ್ರಿ?" ಎಂದಳು ಅವಳು. ಹೇಳಿ ತಾನೇ ನಾಚಿದಳು.

ಆಗ ಮೇಲಿನ ತಿರುವಿನಲ್ಲಿ ಮೆತ್ತನೆಯ ಹೆಜ್ಜೆಯೊಂದು ಕೇಳಿಸಿತು. ಇನ್ನೊಂದು. ಬಟಾಣಿಯದಲ್ಲ. ಅವಳು ಎಂದೋ ಮನೆಯೊಳಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು. ಎಷ್ಟೋ ದಿನದಿಂದ ಉರಿಯದ ಮೆಟ್ಟಿಲ ದೀಪ ಒಮ್ಮೆ ಮಿನುಗಿ, ಹಳದಿಯಾಗಿ ಹೊತ್ತಿ ನಿಂತಿತು. ಮೇಲೆ ಯಾರೂ ಇರಲಿಲ್ಲ.

"ವೈರ್ ಸಡಿಲ ಇರ್ಬೇಕು..." ಎಂದ ಅವನು, ತನಗೇ ನಂಬಿಕೆಯಿಲ್ಲದೆ.

"ಇರ್ಬೇಕು."

"ಭಯ ಆಗ್ತಿದ್ಯಾ?"

"ಹೂಂ. ಸ್ವಲ್ಪ."

"ನನಗೂ. ಕೈ ಕೊಡು."

ಅವಳು ಕೊಟ್ಟಳು. "ಯಾವಾಗ ವಾಪಸ್ ಕೊಡ್ತೀರಾ?"

"ಇದೇನು ಲೈಬ್ರರಿನಾ? ಕೊಡಲ್ಲ."