ಬಾಣಂತಿ ಕೋಣೆಯ ಪಿಸ್ತೂಲು

ಪಿಸ್ತೂಲಿನ ನಳಿಗೆ ನೇರವಾಗಿ ನನ್ನ ಎದೆಗೆ ಗುರಿ ಇಟ್ಟಿತ್ತು!

ಹಿಡಿದವನು ಅಜ್ಜಪ್ಪ. ದಾವಣಗೆರೆಯ ಹತ್ತಿ ಫ್ಯಾಕ್ಟರಿ ಸಾಹುಕಾರ. ನಾನು ಅವನ ಆಳು. ಅವನಿಗೆ ಬೇಕಾದ್ದನ್ನು ಎಲ್ಲಿದ್ದರೂ ತಂದುಕೊಡುವ ಆಳು.

ಸಾಹುಕಾರ ನಗುತ್ತಿದ್ದ.

"ಯಾಕ ಬೆವರ್ತೀಯೋ ಕೆಂಚಣ್ಣ? ಇದು ಬರೀ ಶೋ. ಕಿಡಿ ಹೆಂಗೆ ಹಾರ್ತೈತೆ ನೋಡು."

"ಸಾವ್ಕಾರ್ರೆ... ಸ್ವಲ್ಪ ಆ ಕಡೆ ತಿರುಗಿಸ್ರಿ."

"ನಮ್ಮ ಮುತ್ತಜ್ಜನಿಗಿಂತ ಹಳೇ ಮಾಲು ಕಣೋ! ಒಳಗೆ ಜೇಡರ ಬಲೆ ಬಿಟ್ರೆ ಏನಿರ್ತೈತೆ?"

ಇಂಗ್ಲೆಂಡಿನ ಫ್ಲಿಂಟ್‌ಲಾಕ್ ಪಿಸ್ತೂಲು ಅದು. ನೀವು ನೋಡಿರಲಿಕ್ಕಿಲ್ಲ. ಅದರ ಕುದುರೆಯ ಬಾಯಿಗೆ ಚಕಮಕಿ ಕಲ್ಲು ಸಿಕ್ಕಿಸುತ್ತಾರೆ. ಕಲ್ಲು ಉಕ್ಕಿಗೆ ಬಡಿದರೆ ಕಿಡಿ. ಕಿಡಿ ಪಕ್ಕದ ಬಟ್ಟಲಿನ ಮದ್ದಿಗೆ ಬಿದ್ದರೆ ಬೆಂಕಿ. ಬೆಂಕಿ ಸಣ್ಣ ತೂತಿನಿಂದ ನಳಿಗೆಯೊಳಕ್ಕೆ! ಅಜ್ಜಪ್ಪನಿಗೆ ಈ ಪಿಸ್ತೂಲುಗಳ ಹುಚ್ಚು. ಬೇರೆ ಸಾಹುಕಾರರು ಗೋಡೆಗೆ ದೇವರ ಪಟ ಹಾಕಿದರೆ ಇವನು ಪಿಸ್ತೂಲು ನೇತುಹಾಕಿದ್ದ. ಅವತ್ತು ಬೊಂಬಾಯಿಯಿಂದ ಹೊಸ ಕಲ್ಲು ಬಂದಿತ್ತು. ಬಟ್ಟಲಿಗೆ ಚಿಟಿಕೆ ಮದ್ದನ್ನೂ ಉದುರಿಸಿದ್ದ.

ಅವನ ಬೆರಳು ಬಿಗಿಯಾಯಿತು.

ನಾನು ಪಕ್ಕಕ್ಕೆ ನೆಗೆದೆ. ಗರಡಿಯಲ್ಲಿ ತಿಂದ ಪೆಟ್ಟು ದಂಡವಾಗಲಿಲ್ಲ.

ಢಂ!!

ಹೊಗೆ ಕರಗಿದ ಮೇಲೆ ತಿರುಗಿ ನೋಡಿದೆ. ಗೋಡೆಯ ಮೇಲೆ ಅಜ್ಜಪ್ಪನ ತೀರಿಹೋದ ತಂದೆಯ ಫೋಟೋ. ಹಣೆಯಲ್ಲಿ ವಿಭೂತಿ ಇದ್ದ ಜಾಗದಲ್ಲಿ ತೂತು!

"ತುಂಬಿತ್ತು..." ಅಜ್ಜಪ್ಪ ತೊದಲಿದ. "ಇದನ್ನ ಇಟ್ಕೊಂಡಿದ್ದ ಇಂಗ್ಲಿಷ್ ದೊರೆ ಕಾಲದಿಂದ ತುಂಬೇ ಇತ್ತು!"

ನಾನು ಬದುಕಿದ್ದೆ. ಖುಷಿಪಡಲು ಆಗಲಿಲ್ಲ. ಆ ಪಿಸ್ತೂಲಿಗೆ ಒಂದು ಜೋಡಿ ಇತ್ತು. ಎರಡನ್ನೂ ಒಂದೇ ಕೈ ತುಂಬಿರುತ್ತದೆ. ಇದು ತುಂಬಿತ್ತು ಅಂದರೆ... ಅದೂ ತುಂಬಿರಲೇಬೇಕು.

ಅದು ಎಲ್ಲಿತ್ತು ಗೊತ್ತಾ? ಹರಿಹರದಲ್ಲಿ. ಒಬ್ಬ ಬಾಣಂತಿಯ ತಲೆದಿಂಬಿನ ಕೆಳಗೆ!

ಬೆಳಿಗ್ಗೆಯಷ್ಟೇ ಅದನ್ನು ಕೇಳಲು ನಾನು ಅಲ್ಲಿಗೆ ಹೋಗಿದ್ದೆ. ಬೀಗ ರಿಪೇರಿಯ ಲಾಲ್ ಸಾಬ್ ಅದರ ಒಡೆಯ. ಹಿಂದೆ ಹರಿಹರದ ದಂಡಿನಲ್ಲಿದ್ದ ಯಾವನೋ ದೊರೆಯ ಬಂದೂಕು ಉಜ್ಜುತ್ತಿದ್ದ ಮನೆತನ ಅವನದು. ದೊರೆ ಸತ್ತಾಗ ಒಂದು ಪಿಸ್ತೂಲು ಬಟ್ಲರನ ಪಾಲಾಗಿ, ಕೈಯಿಂದ ಕೈಗೆ ದಾಟಿ ಅಜ್ಜಪ್ಪನ ಗೋಡೆ ಸೇರಿತು. ಇನ್ನೊಂದು ಲಾಲ್ ಸಾಬನ ಮನೆಯಲ್ಲೇ ಉಳಿಯಿತು.

"ಈಗ ಕೊಡಾಕ ಆಗಲ್ರಿ," ಅಂದಿದ್ದ ಲಾಲ್ ಸಾಬ್. "ಮಗಳು ಖುರ್ಷೀದಾ ಹಡದಾಳ. ನಲವತ್ತು ದಿನ ಅದು ಆಕಿ ತಲೆದಿಂಬಿನ ಕೆಳಗ ಇರಬೇಕು."

ಬಾಣಂತಿಯ ಪಕ್ಕ ಕಬ್ಬಿಣ ಇಡುವುದು ನಮ್ಮ ಕಡೆ ಎಲ್ಲರಲ್ಲೂ ಉಂಟು. ಕುಡುಗೋಲು, ಅಡಕೊತ್ತು, ಚಾಕು. ಆ ಓಣಿಯಲ್ಲಿ ಮಾತ್ರ ಪಿಸ್ತೂಲು! ದೊರೆಯ ಕಬ್ಬಿಣಕ್ಕೆ ದೆವ್ವ ಜಾಸ್ತಿ ಹೆದರುತ್ತದಂತೆ. ಹಿಂದೂಗಳ ಮನೆಯಾಗಲಿ, ಮುಸಲ್ಮಾನರ ಮನೆಯಾಗಲಿ, ಯಾರು ಹೆತ್ತರೂ ಅದು ಅಲ್ಲಿಗೆ ಹೋಗುತ್ತಿತ್ತು.

ನಾನು ನನ್ನ ದಂಧೆಯ ಮಾತು ಆಡಿದೆ.

"ಹುಷಾರ್ ಸಾಬ್ರೆ. ನಾನು ಕೇಳಿ ತಗೊಳ್ಳೋನು. ನನ್ನ ಹಿಂದೆ ಬರೋರು ಕೇಳಲ್ಲ."

ಹಿಂದೆ ಯಾರೂ ಬರುವವರಿರಲಿಲ್ಲ. ಸುಮ್ಮನೆ ಹೆದರಿಸಿದ್ದೆ... ಅಷ್ಟೆ.

ಈಗ ಸಾಹುಕಾರನ ಮುಂದೆ ನಿಂತು ಲೆಕ್ಕ ಹಾಕಿದೆ. ಬಾಣಂತಿಗೆ ಸಂಜೆ ನೀರು ಹಾಕಿ, ಮಂಚದ ಕೆಳಗೆ ಕೆಂಡದ ಮಡಕೆ ಇಟ್ಟು, ಲೋಬಾನದ ಹೊಗೆ ಹಾಕುತ್ತಾರೆ. ಕೆಂಡ ಇದ್ದಲ್ಲಿ ಮದ್ದು! ಇಷ್ಟು ವರ್ಷ ಹಾರಿಲ್ಲ, ನಿಜ. ನನ್ನ ಎದೆಯ ಮುಂದೆ ಹಾರಿದ್ದೂ ಇಷ್ಟು ವರ್ಷ ಹಾರಿರಲಿಲ್ಲವಲ್ಲ!

"ಸಾವ್ಕಾರ್ರೆ, ತಾಯಿ ಮಗು ಅದರ ಮೇಲೆ ಮಲಗ್ಯಾರ!"

"ಕಾರು ತೆಗಿ!" ಅಜ್ಜಪ್ಪ ಕೂಗಿದ. "ಅದು ಸಿಡಿದ್ರೆ ನನ್ನ ಜೋಡಿ ಹೋತು!"

ಅವನ ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು. ಬಿಗಿಯಲಿಲ್ಲ. ಕಾರು ಅವನದು.

ಹರಿಹರದ ರಸ್ತೆ. ಆಕ್ಸಿಲರೇಟರ್ ತಳಕ್ಕೆ ಒತ್ತಿದೆ. ಎದುರಿಗೆ ಹತ್ತಿ ಗಾಡಿಗಳ ಸಾಲು. ಎಡಕ್ಕೆ ಎಳೆದೆ, ಬಲಕ್ಕೆ ಎಳೆದೆ. ಒಂದು ಎತ್ತಿನ ಕೊಂಬು ಬಾಗಿಲು ಗೀರಿತು. ಗಾಡಿಯವರು ನನ್ನ ಏಳು ತಲೆಮಾರಿಗೂ ಬೈದರು.

ಸಡನ್ ಬ್ರೇಕ್!

ರೈಲ್ವೆ ಗೇಟು ಬಿದ್ದಿತ್ತು.

"ಗೇಟ್ ತೆಗಿಯಯ್ಯ!"

"ಗೂಡ್ಸ್ ಬರ್ತೈತ್ರಿ."

"ಹಸುಗೂಸು ಸಾಯ್ತೈತೋ!"

"ಗೇಟ್ ತೆಗೆದ್ರೆ ನೀವಿಬ್ರೂ ಸಾಯ್ತೀರಿ," ಅಂದ ಗೇಟಿನವನು. ಬೀಡಿ ಹಚ್ಚಿದ.

ಅವನ ಮಾತು ಸರಿ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಗೂಡ್ಸ್ ಬಂತು. ಹೋಗುತ್ತಲೇ ಇತ್ತು... ಡಬ್ಬಿಯ ಹಿಂದೆ ಡಬ್ಬಿ. ಅದರ ಸಂದಿಯಲ್ಲಿ ಸೂರ್ಯ ಇಳಿಯುವುದು ಕಾಣುತ್ತಿತ್ತು. ಹೊಡೆದಾಟಕ್ಕೆ ನನ್ನನ್ನು ಕರೆಯಿರಿ, ಬರುತ್ತೇನೆ. ಕಾಯುವುದು ನನಗೆ ಬರುವುದಿಲ್ಲ. ಸ್ಟೀರಿಂಗ್ ಹಿಡಿದು ಕೂತೆ. ಬೇರೆ ಏನು ಮಾಡಲಿ?

ಹರಿಹರ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಓಣಿಯೊಳಕ್ಕೆ ಕಾರು ನುಗ್ಗದು. ಅಜ್ಜಪ್ಪನನ್ನು ಅಲ್ಲೇ ಬಿಟ್ಟು ಓಡಿದೆ.

"ಅಬ್ಬಾಜಾನ್! ಬೆಳಿಗ್ಗೆ ಬಂದವ ಇವನೇ!"

ಲಾಲ್ ಸಾಬನ ಮಗ ಖುದ್ದೂಸ್. ಕೈಯಲ್ಲಿ ಸುತ್ತಿಗೆ!

"ನಿಲ್ಲೋ ಕಳ್ಳ!"

ನಿಂತು ಹೇಳುವಷ್ಟು ಪುರುಸೊತ್ತು ಇರಲಿಲ್ಲ. ಗಟಾರ ಹಾರಿದೆ. ಒಣಗಲು ಹಾಕಿದ್ದ ಸೀರೆಗಳ ನಡುವೆ ನುಗ್ಗಿದೆ. ಸುತ್ತಿಗೆ ಬೀಸಿದ ಗಾಳಿ ಕಿವಿಗೆ ತಾಗಿತು. ಬಾಗಿಲು ಕಂಡಿತು. ಹಸಿರು ಪರದೆ. ಹೊರಗೆ ಲೋಬಾನದ ವಾಸನೆ.

ಹೊಸ್ತಿಲ ಮೇಲೆ ಒಬ್ಬ ಮುದುಕಿ ನಿಂತಿದ್ದಳು. ಓಬವ್ವ. ಓಣಿಯ ಸೂಲಗಿತ್ತಿ. ನನ್ನ ಭುಜಕ್ಕೂ ಬರಳು.

"ಎಲ್ಲಿಗೆ?"

"ಒಳಗೆ. ದಾರಿ ಬಿಡವ್ವ!"

"ಈ ಮಗೂನ ಅಪ್ಪನೇ ಇನ್ನೂ ಈ ಹೊಸ್ತಿಲು ದಾಟಿಲ್ಲ. ನೀ ಯಾವ ಸೀಮೆ ದೊರೆ?"

ಒಂದು ಕೈಯಲ್ಲಿ ಎತ್ತಿ ಪಕ್ಕಕ್ಕಿಡಬಹುದಿತ್ತು. ಪೈಲ್ವಾನರನ್ನೇ ಎತ್ತಿದ್ದೇನೆ. ಆದರೆ ಕೈ ಏಳಲಿಲ್ಲ. ಬಾಣಂತಿ ಕೋಣೆಯ ಹೊಸ್ತಿಲು... ನಮ್ಮವ್ವ ಕಲಿಸಿದ್ದು ಎಲ್ಲಿ ಹೋಗುತ್ತದೆ?

ಹಿಂದಿನಿಂದ ಖುದ್ದೂಸ್ ಕೊರಳಪಟ್ಟಿ ಹಿಡಿದ. ಲಾಲ್ ಸಾಬ್ ಓಡಿ ಬಂದ.

"ಸಾಬ್ರೆ! ಪಿಸ್ತೂಲೊಳಗೆ ಮದ್ದೈತೆ, ಗುಂಡೈತೆ! ಅದರ ಜೋಡಿ ಈಗ ತಾನೇ ಹಾರಿತು. ದಿಂಬಿನ ಕೆಳಗಿಂದ ತೆಗೆಸ್ರಿ!"

ಲಾಲ್ ಸಾಬ್ ಪರದೆಯ ಕಡೆ ತಿರುಗಿದ.

"ದಿಂಬಿನ ಕೆಳಗ ಈಗ ಇಲ್ರಿ... ನೀವು ಹೆದರಿಸಿ ಹೋದ್ರಲ್ಲ, ನನ್ನ ಹೆಂಡ್ತಿ ಬಚ್ಚಿಟ್ಟಾಳ. ಗಂಡಸರು ಕೈ ಹಾಕದ ಜಾಗ ಅಂದ್ಲು."

"ಎಲ್ಲಿ?"

"ನನಗೂ ಹೇಳಿಲ್ಲ."

ಪರದೆಯ ಹಿಂದಿನಿಂದ ಅವನ ಹೆಂಡತಿ ದಿಲ್ಷಾದ್ ಬೇಗಂ ದನಿ ಬಂತು.

"ಓಬವ್ವ... ಮಂಚದ ಕೆಳಗಿನ ಮಡಕೆಗೆ ಕೆಂಡ ಹಾಕಿಯೇನು?"

"ಆಗಲೇ ಹಾಕೀನಿ. ಯಾಕ?"

"ಯಾ ಅಲ್ಲಾ! ಅದರ ಬೂದಿಯೊಳಗೇ ಐತೆ!"

ದಿಂಬಿನ ಕೆಳಗೆ ತಣ್ಣಗೆ ಮಲಗಿದ್ದ ಕಬ್ಬಿಣವನ್ನು ಕೆಂಡದೊಳಕ್ಕೆ ತಳ್ಳಿದ್ದು ನನ್ನ ಬೆಳಗಿನ ಒಂದು ಮಾತು!

ಓಬವ್ವ ಆಗಲೇ ಒಳಗಿದ್ದಳು. ನಾನು ಮುಂದಕ್ಕೆ ನುಗ್ಗಿದೆ.

"ಅಲ್ಲೇ ನಿಂತ್ಕೋ!"

ನಿಂತೆ.

ಕಿವಿಗೆ ಮಾತ್ರ ಒಳಗಿನದು ಗೊತ್ತಾಗುತ್ತಿತ್ತು. "ಏಳೇ ಖುರ್ಷೀದಾ! ಮಗೂನ ಎತ್ಕೋ! ಹಿತ್ಲಿಗೆ ನಡಿ!" ಮಂಚ ಕಿರುಗುಟ್ಟಿತು. ಮಗು ಚೀರಿತು. ಮಡಕೆ ಎಳೆದ ಸದ್ದು... ಕರಕರ... ಕರಕರ...

ಢಂ!!

ಮಡಕೆಯ ಚೂರು ಗೋಡೆಗೆ ಬಡಿದವು. ಪರದೆ ಉಬ್ಬಿ ಹೊಗೆ ಕಾರಿತು.

ಆಮೇಲೆ ಏನೂ ಇಲ್ಲ. ಮಗುವಿನ ಅಳುವೂ ಇಲ್ಲ.

ಹೊರಗೆ ಮೂವರು ಗಂಡಸರು. ನಡುವೆ ಒಂದು ಹರಕು ಪರದೆ. ನಾನು ಅದಕ್ಕೆ ಕೈ ಹಾಕಿದೆ. ಲಾಲ್ ಸಾಬ್ ನನ್ನ ಮುಂಗೈ ಹಿಡಿದ. "ಬ್ಯಾಡ್ರಿ..." ಅಂದ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಹಿಡಿದ. ಅವನ ಮಗಳು, ಅವನ ಮೊಮ್ಮಗು! ನಾನು ಯಾವ ದೇವರಿಗೂ ಕೈ ಮುಗಿದವನಲ್ಲ. ಅವತ್ತು ಎಲ್ಲ ದೇವರಿಗೂ ಮುಗಿದೆ. ಅಳು ಕಂದಾ... ಒಂದು ಸಲ ಅಳು...

ಹಿತ್ತಲಿನಿಂದ ಮಗು ಅತ್ತಿತು!

ಖುದ್ದೂಸನ ಕೈಯಿಂದ ಸುತ್ತಿಗೆ ಜಾರಿ ಬಿತ್ತು.

ಓಬವ್ವ ಹೊರಗೆ ಬಂದಳು. ಬಲಗೈಗೆ ಸೆರಗು ಸುತ್ತಿದ್ದಳು. ಸೆರಗು ಪೂರ್ತಿ ಕೆಂಪು.

"ತಾಯಿ ಮಗು, ದಿಲ್ಷಾದ್ ಎಲ್ಲಾ ಹಿತ್ಲಾಗದಾರ. ಏನೂ ಆಗಿಲ್ಲ."

"ನಿನ್ನ ಕೈ ಅವ್ವಾ?"

"ಎರಡು ಬೆರಳು ಹೋದುವು. ಪಿಸ್ತೂಲೂ ಸೀಳಿ ಹೋತು."

ಓಣಿಯ ಅಷ್ಟೂ ಮಕ್ಕಳನ್ನು ಎತ್ತಿಕೊಂಡ ಕೈ ಅದು.

ಕಾರಿನ ಹತ್ತಿರ ಓಡಿದೆ.

"ಸಾವ್ಕಾರ್ರೆ, ಆಸ್ಪತ್ರೆಗೆ ಹೋಗಬೇಕು. ಮುದುಕಿ ಕೈ..."

"ಪಿಸ್ತೂಲು ಹೆಂಗೈತೆ?"

"ಸೀಳಿ ಹೋಗೈತೆ."

ಅಜ್ಜಪ್ಪ ಕಣ್ಣಿಗೆ ಕರ್ಚೀಫ್ ಒತ್ತಿಕೊಂಡ. ಅತ್ತುಬಿಟ್ಟ! ಮೂಗು ಒರೆಸಿಕೊಂಡು ಹೇಳಿದ. "ಆಸ್ಪತ್ರೆಗೆ ಬ್ಯಾಡ. ಪೊಲೀಸ್ ಬರ್ತಾರೆ. ಲೈಸೆನ್ಸ್ ಎಲ್ಲೈತೆ ನನ್ನ ಹತ್ರ? ಕಾರು ಸ್ಟಾರ್ಟ್ ಮಾಡು. ಹೋಗೋಣ."

ಅಷ್ಟರಲ್ಲಿ ಖುದ್ದೂಸ್ ಓಬವ್ವನನ್ನು ಜಟಕಾದಲ್ಲಿ ಕೂರಿಸಿಕೊಂಡು ಬಂದ. ನಮ್ಮ ಪಕ್ಕ ದಾಟುವಾಗ ಮುದುಕಿ ಹೊರಗೆ ತಲೆ ಹಾಕಿದಳು. ನೋವಿಗೆ ಮುಖ ಹಿಂಡಿತ್ತು.

"ಏ ಪೈಲ್ವಾನ! ಕೂಸಿನ ತಲೆ ಹತ್ರ ಕಬ್ಬಿಣ ಇಲ್ಲ ಈಗ. ಏನಾದ್ರೂ ಇಡಾಕ ಹೇಳು!"

ಜಟಕಾ ಹೋಯಿತು.

ನಾನು ಕಾರಿನ ಹಿಂಭಾಗ ತೆರೆದೆ. ಸ್ಟಾರ್ಟಿಂಗ್ ಹ್ಯಾಂಡಲ್ ಎತ್ತಿಕೊಂಡೆ. ಮುಂದೆ ಸಿಕ್ಕಿಸಿ ತಿರುವಿದರೆ ಮಾತ್ರ ಆ ಇಂಗ್ಲಿಷ್ ಕಾರು ಎದ್ದೇಳುವುದು.

"ಬೇಗ ತಿರುವೋ!" ಅಂದ ಅಜ್ಜಪ್ಪ.

ನಾನು ಓಣಿಯೊಳಕ್ಕೆ ನಡೆದೆ. ಲಾಲ್ ಸಾಬನ ಕೈಗೆ ಹ್ಯಾಂಡಲ್ ಕೊಟ್ಟೆ.

"ಮಗು ತಲೆ ಹತ್ರ ಇಡ್ರಿ. ಇದೂ ಇಂಗ್ಲೆಂಡಿನ ಕಬ್ಬಿಣಾನೇ."

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಒಳಗ ಏನೂ ತುಂಬಿಲ್ಲ ತಾನೇ?"

"ಗಟ್ಟಿ ಕಬ್ಬಿಣ ಸಾಬ್ರೆ. ಇದಕ್ಕೆ ಒಳಗೇ ಇಲ್ಲ."

ಓಣಿಯ ಬಾಯಲ್ಲಿ ಅಜ್ಜಪ್ಪ ಹಾರ್ನ್ ಒತ್ತುತ್ತಲೇ ಇದ್ದ. ಒತ್ತಲಿ! ದಾವಣಗೆರೆ ಎಲ್ಲೂ ಓಡಿ ಹೋಗುವುದಿಲ್ಲ... ಸಾಹುಕಾರ ನಡೆದೇ ಹೋಗಲಿ!