ಕಣ್ಣೀರು ಕುಡಿದು ಬೆಳೆದ ಮಾಂತ್ರಿಕ

ಏಳು ಬೆಟ್ಟಗಳ ಆಚೆ ಹೊಂಬಾಳೆಪುರವೆಂಬ ರಾಜ್ಯವಿತ್ತು. ಅಲ್ಲಿ ಚಿನ್ನಾಂಬೆ ಎಂಬ ಕುಂಬಾರಗಿತ್ತಿ ಇದ್ದಳು. ಮದುವೆಯಾಗಿ ಒಂಬತ್ತು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಗಂಡ ಒಳ್ಳೆಯವನು, ಊರ ಬಾಯಿಯೇ ಕೆಟ್ಟದ್ದು.

ಆ ರಾಜ್ಯದ ಗುಡ್ಡದ ಮೇಲೆ ಕರಾಳಾಕ್ಷನೆಂಬ ಮಾಂತ್ರಿಕನಿದ್ದ. ಹೆಂಗಸರು ಮರೆಯಲ್ಲಿ ಒಬ್ಬರೇ ಅತ್ತ ಕಣ್ಣೀರೇ ಅವನ ಊಟ. ದುಡಿದು ಉಣ್ಣುವ ಪೈಕಿ ಅಲ್ಲ, ಪುಣ್ಯಾತ್ಮ! ಬಾವಿಕಟ್ಟೆಯಲ್ಲಿ ಮಾತಾಡುವ ಗಿಣಿಯೊಂದನ್ನು ಕೂರಿಸಿದ್ದ. ನೀರಿಗೆ ಬಂದವರನ್ನೆಲ್ಲ ಅದು, "ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?" ಎಂದು ಕೇಳುತ್ತಿತ್ತು. ಮಕ್ಕಳಿಲ್ಲದವರು ತಲೆ ತಗ್ಗಿಸಿ ಮನೆಗೆ ಹೋಗಿ, ಕದ ಹಾಕಿಕೊಂಡು ಅಳುತ್ತಿದ್ದರು. ಆ ಹನಿಗಳು ಹಾರಿಹೋಗಿ ಮಾಂತ್ರಿಕನ ಗಡಿಗೆಯೊಳಗೆ ಬೀಳುತ್ತಿದ್ದವು.

ಮೊದಲ ದಿನ ಗಿಣಿ ಕೇಳಿತು. ಚಿನ್ನಾಂಬೆ ನಕ್ಕಂತೆ ಮಾಡಿ, "ದೇವರು ಕಣ್ಣು ಬಿಡಬೇಕು" ಅಂದಳು. ಮನೆಗೆ ಬಂದು ಅತ್ತಳು. ಮಾಂತ್ರಿಕ ಒಂದು ಆಳುದ್ದ ಬೆಳೆದ.

ಎರಡನೆಯ ದಿನ ಕೇಳಿತು. "ನಿನ್ನ ನಾಲಿಗೆ ಸೇದಿಹೋಗಾ!" ಎಂದು ಕಲ್ಲು ಬೀಸಿದಳು. ಸಿಟ್ಟಿಳಿದ ಮೇಲೆ ಒಬ್ಬಳೇ ಕೂತು ಅತ್ತಳು. ಮಾಂತ್ರಿಕ ತೆಂಗಿನ ಮರದುದ್ದ ಬೆಳೆದ. ಅವನ ನೆರಳು ಊರಿಗೆ ಬಿದ್ದು, ಬಿಸಿಲು ಕಾಣದೆ ಅವಳ ಹಸಿ ಮಡಕೆಗಳು ಒಣಗಲೇ ಇಲ್ಲ.

ಮೂರನೆಯ ದಿನ ರಾಣಿ ಪದ್ಮಲದೇವಿಯೇ ಕೊಡ ಹಿಡಿದು ಬಂದಿದ್ದಳು. ಮಕ್ಕಳಾಗಲೆಂದು ಅರಳಿಮರಕ್ಕೆ ನಲವತ್ತೆಂಟು ದಿನ ನೀರು ಹೊಯ್ಯುವ ಹರಕೆ. ಅಂದು ನಲವತ್ತೊಂದನೆಯ ದಿನ. ಗಿಣಿಗೆ ರಾಣಿಯೂ ಒಂದೇ, ಕುಂಬಾರಗಿತ್ತಿಯೂ ಒಂದೇ. ಅದು ಕೇಳಿತು. ರಾಣಿ ತಲೆ ತಗ್ಗಿಸಿ ಹೊರಟಳು. ಚಿನ್ನಾಂಬೆ ತನ್ನ ಕೊಡ ಕೆಳಗಿಟ್ಟಳು. ಓಡಿಹೋಗಿ ರಾಣಿಯ ಕೈ ಹಿಡಿದಳು.

"ಹೋಗಬೇಡಿ ತಾಯಿ. ನನಗೂ ಇಲ್ಲ. ಇಲ್ಲೇ ಅಳೋಣ."

ಇಬ್ಬರೂ ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಸೆರಗುಗಳು ತೊಯ್ದವು; ಒಂದು ಹನಿಯೂ ಹಾರಲಿಲ್ಲ. ಅದನ್ನು ನೋಡಿ ಗಾಣಿಗರ ಸೊಸೆ ಬಂದು ಕೂತಳು, ಬಳೆಗಾರನ ಹೆಂಡತಿಯೂ ಬಂದಳು.

ಹಸಿದ ಮಾಂತ್ರಿಕ ಗುಡ್ಡ ಇಳಿದು ಓಡಿ ಬಂದ. ಹೆಜ್ಜೆ ಹೆಜ್ಜೆಗೂ ಕುಗ್ಗುತ್ತಿದ್ದ.

"ಚಿನ್ನಾಂಬೆ, ನಾಳೆಯೇ ಮಗು ಕೊಡ್ತೀನಿ! ದಿನಾ ಒಬ್ಬಳೇ ಅಳು, ಅಷ್ಟು ಸಾಕು."

ಚಿನ್ನಾಂಬೆ ರಾಣಿಯ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಆಸೆ ಇದೆ, ಸುಳ್ಳು ಯಾಕೆ ಹೇಳಲಿ? ಆದ್ರೆ ಇವರ ಕೈ ಬಿಟ್ಟು ಬರೋದಿಲ್ಲ."

ಮಾಂತ್ರಿಕ ಕುಗ್ಗಿ ಕುಗ್ಗಿ ಜೋಳದ ಕಾಳಾದ. ಗಿಣಿಗೆ ಕಾಳು ಕಂಡರೆ ಸಾಕು, ಯಜಮಾನನೆಂದೂ ನೋಡದೆ ನುಂಗಿತು. ಊರಿಗೆ ಬಿಸಿಲು ಬಂತು.

ಆಮೇಲೆ ಕೆಲವರಿಗೆ ಮಕ್ಕಳಾದವು, ಕೆಲವರಿಗೆ ಆಗಲಿಲ್ಲ. ಚಿನ್ನಾಂಬೆಗೆ ಆಗಲಿಲ್ಲ. ಒಂದೊಂದು ದಿನ ದುಃಖ ಉಕ್ಕಿ ಬರುತ್ತಿತ್ತು. ಆಗ ಮಣ್ಣಿನ ಕೈಯಲ್ಲೇ ಅರಮನೆಗೆ ನಡೆಯುತ್ತಿದ್ದಳು. ದಾಸಿಯರನ್ನು ಕಳಿಸದೆ ರಾಣಿ ತಾನೇ ಬಂದು ಬಾಗಿಲು ತೆಗೆಯುತ್ತಿದ್ದಳು. ಅತ್ತು ಹಗುರಾಗಿ, ಉಂಡು ನಕ್ಕು, ಆ ರಾಜ್ಯದವರೆಲ್ಲ ನೂರು ಕಾಲ ಸುಖವಾಗಿ ಬಾಳಿದರು.